ಇಳಿದ ಊತ ಮತ್ತೆ ಏರಿದಾಗ: ಹಲ್ಲು ಕೀಳಿಸಿದ ಮೇಲೆ ನನ್ನ ಅನುಭವ

ಹಲ್ಲು ಕೀಳಿಸಿ ಆರನೇ ದಿನ. ಬೆಳಿಗ್ಗೆ ಮಗ್ಗುಲು ಬದಲಿಸಿದಾಗ ಬಲಗೆನ್ನೆ ದಿಂಬಿಗೆ ತಾಗಿತು. ನೋವು ಕಿವಿಯವರೆಗೆ ಹೊಡೆಯಿತು. ಹಿಂದಿನ ರಾತ್ರಿ ಮಲಗುವಾಗ ಊತ ಹೆಚ್ಚುಕಮ್ಮಿ ಇಳಿದಿತ್ತು. ಈಗ ಕನ್ನಡಿಯಲ್ಲಿ ನೋಡಿದರೆ ದವಡೆಯ ಅಂಚೇ ಕಾಣುತ್ತಿರಲಿಲ್ಲ. ಮುಟ್ಟಿದರೆ ಬಿಸಿ, ಗಟ್ಟಿ. ಮೊದಲ ದಿನಗಳ ಊತ ಮೆತ್ತಗಿತ್ತು, ಬೆರಳಿಟ್ಟರೆ ಒಳಕ್ಕೆ ಹೋಗುತ್ತಿತ್ತು. ಇದು ಹಾಗಿರಲಿಲ್ಲ.

ಕೀಳಿಸಿದ್ದು ಕೆಳದವಡೆಯ ಬಲಗಡೆಯ ಬುದ್ಧಿಹಲ್ಲು. ನೆಟ್ಟಗೆ ಬೆಳೆಯದೆ ಪಕ್ಕದ ಹಲ್ಲಿಗೆ ಒರಗಿ ಅಡ್ಡ ಮಲಗಿತ್ತು. ಒಸಡು ಕೊಯ್ದು, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ತುಂಡು ಮಾಡಿ ತೆಗೆದರು. ಮೇಲೆ ಮೂರು ಹೊಲಿಗೆ. ಇಷ್ಟೆಲ್ಲ ಆದ ಮೇಲೆ ಮುಖ ಊದದೆ ಇರುತ್ತಾ? ಡಾಕ್ಟರು ಮೊದಲೇ ಹೇಳಿದ್ದರು: ಊತ ಎರಡನೇ ಮೂರನೇ ದಿನಕ್ಕೆ ಜಾಸ್ತಿ ಆಗುತ್ತದೆ, ಆಮೇಲೆ ತಾನಾಗೇ ಇಳಿಯುತ್ತಾ ಹೋಗುತ್ತದೆ, ಹೆದರಬೇಡಿ. ನನಗೂ ಹಾಗೇ ಆಯಿತು. ಮೂರನೇ ದಿನ ಕೆನ್ನೆ ತುಂಬ ದಪ್ಪ, ನಾಲ್ಕನೇ ದಿನದಿಂದ ಇಳಿಮುಖ.

ಆ ಮೊದಲ ದಿನಗಳಲ್ಲಿ ಮಾಡಿದ್ದು ಹೆಚ್ಚೇನಿಲ್ಲ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 20 ನಿಮಿಷ ಇಡುವುದು, 20 ನಿಮಿಷ ಬಿಡುವುದು. ಇದು ಮೊದಲ ಒಂದೆರಡು ದಿನಕ್ಕೆ ಮಾತ್ರ, ಆಮೇಲೆ ಅದರಿಂದ ದೊಡ್ಡ ಉಪಯೋಗ ಇಲ್ಲ. ತಲೆಗೆ ಎರಡು ದಿಂಬು. ಮೊದಲ 24 ಗಂಟೆ ಬಾಯಿ ಮುಕ್ಕಳಿಸಲಿಲ್ಲ, ಸ್ಟ್ರಾದಲ್ಲಿ ಏನನ್ನೂ ಹೀರಲಿಲ್ಲ. ಹಲ್ಲಿನ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ, ಅದು ಕಿತ್ತು ಬರಬಾರದು. ಆಮೇಲೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಜೋರಾಗಿ ಗುಳುಗುಳು ಮಾಡದೆ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ನೀರನ್ನು ಸುಮ್ನೆ ಬಾಯಿಂದ ಹೊರಗೆ ಬಿಡುತ್ತಿದ್ದೆ. ನೋವಿಗೆ ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಬರೆದುಕೊಟ್ಟಿದ್ದರು. ಪ್ಯಾರಾಸಿಟಮಾಲ್ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ನೆಗಡಿ ಮಾತ್ರೆಗಳಲ್ಲೂ ಅದು ಸೇರಿರುತ್ತದೆ, ಲೆಕ್ಕ ತಪ್ಪುವುದು ಅಲ್ಲೇ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಕೇಳದೆ ಐಬುಪ್ರೊಫೇನ್ ನುಂಗಬಾರದು.

ಈಗ ಆರನೇ ದಿನಕ್ಕೆ ಬರುತ್ತೇನೆ. ಬೆಳಿಗ್ಗೆಯೇ ಹಲ್ಲಿನ ಕ್ಲಿನಿಕ್ಕಿಗೆ ಫೋನ್ ಮಾಡಿದೆ. "ಮುಖ ಊದಿದೆ, ನೋವು ಜಾಸ್ತಿ ಇದೆ" ಅಂದೆ. ಆ ಕಡೆಯಿಂದ "ಊತ ಸಹಜ, ಮಾತ್ರೆ ಮುಂದುವರಿಸಿ, ಇನ್ನೆರಡು ದಿನ ನೋಡಿ" ಅಂದರು. ಆ ಮಾತನ್ನು ನಂಬಿ ಇಡೀ ದಿನ ಕಳೆದೆ. ಸಂಜೆ ಹೊತ್ತಿಗೆ ಮೈ ನಡುಗಿತು. ಥರ್ಮಾಮೀಟರ್ 101 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಬಾಯಿ ತೆರೆದು ನೋಡಿಕೊಳ್ಳಲು ಹೋದರೆ ತೆರೆಯಲೇ ಇಲ್ಲ. ಬೆರಳು ಒಂದರ ಮೇಲೊಂದು ಇಟ್ಟು ಅಳೆದೆ. ಮಾಮೂಲಾಗಿ ಮೂರು ಬೆರಳು ಹೋಗುತ್ತವೆ. ಹಿಂದಿನ ದಿನ ಎರಡು ಹೋಗಿದ್ದವು. ಈಗ ಒಂದು. ಹೊಲಿಗೆಯ ಹತ್ತಿರ ನಾಲಿಗೆ ತಾಗಿಸಿದಾಗ ಉಪ್ಪುಪ್ಪು, ಕೊಳೆತ ರುಚಿ ಬಂತು.

ಎರಡನೇ ಸಲ ಫೋನ್ ಮಾಡುವ ಮೊದಲು ಇದನ್ನೆಲ್ಲ ಕಾಗದದಲ್ಲಿ ಬರೆದುಕೊಂಡೆ. ಓದಿ ಹೇಳಿದೆ: "ಮೂರನೇ ದಿನ ಊತ ಜಾಸ್ತಿ ಇತ್ತು. ಐದನೇ ದಿನಕ್ಕೆ ಇಳಿದಿತ್ತು. ಇವತ್ತು ಮತ್ತೆ ಏರಿದೆ, ಗಟ್ಟಿಯಾಗಿ ಬಿಸಿ ಇದೆ. ಜ್ವರ 101. ಬಾಯಿ ಒಂದೇ ಬೆರಳಿನಷ್ಟು ತೆರೆಯುತ್ತದೆ. ಬಾಯಲ್ಲಿ ಕೀವಿನ ರುಚಿ." ಆ ಕಡೆ ಮಾತಿನ ಧಾಟಿಯೇ ಬದಲಾಯಿತು. "ಈಗಲೇ ಬನ್ನಿ" ಅಂದರು. ಊದಿದ ಮುಖ ಫೋನಿನಲ್ಲಿ ಕಾಣುವುದಿಲ್ಲ. ಊತ ಎಷ್ಟಿದೆ ಅನ್ನುವುದಕ್ಕಿಂತ ಯಾವ ದಿನ ಎತ್ತ ಹೋಯಿತು, ಏರಿತೋ ಇಳಿಯಿತೋ ಅನ್ನುವುದು ಅವರಿಗೆ ಬೇಕು. ನನ್ನ ಕೈಯಲ್ಲಿ ಸ್ವಲ್ಪ ಬರವಣಿಗೆ ಮೊದಲೇ ಇದ್ದಿದ್ದರೆ ಒಂದು ದಿನ ಉಳಿಯುತ್ತಿತ್ತು. ಆ ಒಂದು ದಿನದ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ನಡುವೆ ಇನ್ನೊಂದು ಯೋಚನೆಯೂ ಬಂದಿತ್ತು. ಹಿಂದೆ ಯಾವಾಗಲೋ ತಂದು ಉಳಿದ ಅಮಾಕ್ಸಿಸಿಲಿನ್ ನಾಲ್ಕು ಕ್ಯಾಪ್ಸೂಲ್ ಮನೆಯಲ್ಲಿದ್ದವು. ನುಂಗಲಿಲ್ಲ, ಸದ್ಯ. ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಕೀವು ತುಂಬಿದ ಜಾಗಕ್ಕೆ ರಕ್ತ ಓಡಾಡುವುದಿಲ್ಲ. ರಕ್ತ ಹೋಗದ ಕಡೆ ಔಷಧಿಯೂ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಆಂಟಿಬಯೋಟಿಕ್ ಒಂದೇ ಸಾಲದು, ಕೀವಿಗೆ ದಾರಿ ಮಾಡಿಕೊಡಬೇಕು. ಅರೆಬರೆ ಡೋಸ್ ನುಂಗಿದರೆ ಜ್ವರ ಸ್ವಲ್ಪ ತಗ್ಗಿ ಎಲ್ಲ ಸರಿಹೋಯಿತು ಅನ್ನಿಸುತ್ತದೆ, ಒಳಗೆ ಅದು ಹರಡುತ್ತಲೇ ಇರುತ್ತದೆ.

ಅವರು ಕಾಗದದ ಮೇಲೆ ದವಡೆಯ ಚಿತ್ರ ಬರೆದು ತೋರಿಸಿದರು. ಬಾಯಿಯ ತಳಕ್ಕೆ ಜೋಲಿಯ ಹಾಗೆ ಒಂದು ಸ್ನಾಯು ಇದೆ, ಅದು ದವಡೆಯ ಒಳಮೈಗೆ ಅಂಟಿಕೊಂಡಿರುತ್ತದೆ. ಕೆಳಗಿನ ಕೊನೆಯ ಹಲ್ಲುಗಳ ಬೇರು ಸಾಮಾನ್ಯವಾಗಿ ಆ ಗೆರೆಗಿಂತ ಕೆಳಗೆ ಇರುತ್ತದೆ. ಅಲ್ಲಿ ಕೀವಾದರೆ ಅದು ದವಡೆಯ ಅಡಿಗೆ, ಅಲ್ಲಿಂದ ಕುತ್ತಿಗೆಗೆ ಜಾರಬಹುದು. ಎರಡೂ ಕಡೆ ಹಾಗೆ ಹರಡಿದಾಗ ನಾಲಿಗೆ ಮೇಲಕ್ಕೆ ಒತ್ತಿ ಉಸಿರಿನ ದಾರಿ ಮುಚ್ಚುವ ಅಪಾಯವಿದೆ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ಇದನ್ನು ವಿವರಿಸಿದರು, ಇವತ್ತಿಗೂ ಅದಕ್ಕೆ ಅವರದೇ ಹೆಸರು. "ನೀವು ಅಲ್ಲಿಗೆ ಹೋಗಿಲ್ಲ, ಆದರೆ ಆ ದಾರಿ ಗೊತ್ತಿರಲಿ" ಅಂದರು.

ಕೀವು ತೆಗೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆದರಿ ಮುಂದೂಡುವವರು ಇದಕ್ಕೇ ಹೆದರುತ್ತಾರೆ ಅಲ್ವಾ. ಸೋಂಕಾದ ಜಾಗದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಅಷ್ಟಾಗಿ ಹಿಡಿಯುವುದಿಲ್ಲ. ಆದ್ದರಿಂದ ದವಡೆಯ ಹಿಂದೆ, ನರ ಒಳಗೆ ಹೋಗುವ ಜಾಗದ ಹತ್ತಿರ ಕೊಟ್ಟರು. ಹತ್ತು ನಿಮಿಷ ಕಾದರು. ಒಂದು ಹೊಲಿಗೆ ಬಿಚ್ಚಿ, ಒಸಡಿನ ಪಕ್ಕ ಚಿಕ್ಕದಾಗಿ ಕೊಯ್ದು, ಮೊಂಡು ಮೂತಿಯ ಚಿಮಟದಿಂದ ಅಗಲ ಮಾಡಿದರು. ಅದು ನೋವಿಗಿಂತ ಜಾಸ್ತಿ ಒತ್ತಿದ ಹಾಗೆ. ಬಾಯಿ ತುಂಬ ಬೆಚ್ಚಗಿನ, ಕೆಟ್ಟ ವಾಸನೆಯ ಕೀವು ಬಂತು, ಪೈಪ್ ಅದನ್ನು ಎಳೆದುಕೊಂಡಿತು. ಎರಡು ನಿಮಿಷದಲ್ಲಿ ಕಿವಿಯ ಬಡಿತ ನಿಂತಿತು. ಸಲೈನ್ ಹಾಕಿ ತೊಳೆದು, ತೆಳ್ಳಗಿನ ರಬ್ಬರ್ ಪಟ್ಟಿಯೊಂದನ್ನು ಗಾಯದೊಳಗೆ ಇಟ್ಟು ಒಂದು ಹೊಲಿಗೆಯಿಂದ ನಿಲ್ಲಿಸಿದರು. ಗಾಯದ ಬಾಯಿ ಮುಚ್ಚಿಕೊಳ್ಳದೆ, ಉಳಿದ ಕೀವು ಸೋರಲಿ ಅಂತ. ಎರಡು ದಿನ ಅದು ನಾಲಿಗೆಗೆ ತಾಗುತ್ತಿತ್ತು.

ಪೆನಿಸಿಲಿನ್ ಅಲರ್ಜಿ ಇದೆಯಾ ಅಂತ ಎರಡು ಸಲ ಕೇಳಿ ಅಮಾಕ್ಸಿಸಿಲಿನ್ ಬರೆದರು, ಜೊತೆಗೆ ಮೆಟ್ರೊನಿಡಜೋಲ್. ಎರಡನೆಯದು ನಾಲಿಗೆಗೆ ಲೋಹದ ರುಚಿ ಹಿಡಿಸುತ್ತದೆ. ಅದರ ಜೊತೆ ಮದ್ಯ ಪೂರ್ತಿ ನಿಲ್ಲಿಸಬೇಕು. ಹೊರಗಿನಿಂದ ಕೆನ್ನೆಗೆ ಬಿಸಿ ಶಾಖ ಕೊಡಬೇಡಿ ಅಂತಲೂ ಹೇಳಿದರು.

ಮನೆಗೆ ಹೊರಡುವ ಮೊದಲು ಡಾಕ್ಟರು ಪೆನ್ನು ತೆಗೆದುಕೊಂಡು ನನ್ನ ಕೆನ್ನೆಯ ಮೇಲೆ, ಊತ ಮುಗಿಯುವ ಅಂಚಿನ ಉದ್ದಕ್ಕೂ ಗೆರೆ ಎಳೆದರು. ಕಿವಿಯ ಕೆಳಗಿನಿಂದ ದವಡೆಯ ಅಡಿಗೆ ಬಂದು ಬಾಯಿಯ ಕೊನೆಯ ಹತ್ತಿರ ನಿಂತ ಗೆರೆ. "ಊತ ಇದನ್ನು ದಾಟಿದರೆ ರಾತ್ರಿಯಾದರೂ ಬನ್ನಿ." ಅಷ್ಟು ನೆಮ್ಮದಿ ನನಗೆ ಮಾತ್ರೆಯಿಂದಲೂ ಸಿಕ್ಕಿರಲಿಲ್ಲ. ಬೆಳಿಗ್ಗೆ ಸಂಜೆ ಅದೇ ಕನ್ನಡಿ, ಅದೇ ಬೆಳಕಿನಲ್ಲಿ ನೋಡುತ್ತಿದ್ದೆ. ನೋವಿನ ಮಾತ್ರೆ ನುಂಗುವ ಮೊದಲು ಜ್ವರ ನೋಡುತ್ತಿದ್ದೆ, ಯಾಕೆಂದರೆ ಆ ಮಾತ್ರೆಗಳು ಜ್ವರವನ್ನು ಮುಚ್ಚಿಬಿಡುತ್ತವೆ. ಎಷ್ಟು ಬೆರಳು ಹೋಯಿತು, ಒಂದು ಗುಟುಕು ನೀರು ಸಲೀಸಾಗಿ ಇಳಿಯಿತಾ, ಇಷ್ಟನ್ನೂ ಬರೆಯುತ್ತಿದ್ದೆ. ಮಾರನೇ ಸಂಜೆ ಊತ ಗೆರೆಯೊಳಗೆ ಒಂದು ಬೆರಳಿನಷ್ಟು ಹಿಂದೆ ಸರಿದಿತ್ತು.

ಯಾವ ಲಕ್ಷಣ ಬಂದರೆ ಹಲ್ಲಿನ ಡಾಕ್ಟರಿಗೂ ಕಾಯದೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು ಅಂತ ಬರೆಸಿಕೊಂಡಿದ್ದೆ. ಎಂಜಲು ನುಂಗಲಾಗದೆ ಸೋರುವುದು, ನಾಲಿಗೆ ಮೇಲಕ್ಕೆ ಎದ್ದ ಹಾಗೆ ಆಗುವುದು, ಧ್ವನಿ ಬದಲಾಗುವುದು, ಮಲಗಿದರೆ ಉಸಿರು ಕಟ್ಟುವುದು, ಊತ ಕುತ್ತಿಗೆಗೆ ಇಳಿಯುವುದು. ಮೇಲಿನ ಹಲ್ಲಾಗಿದ್ದರೆ ಊತ ಕಣ್ಣಿಗೆ ಏರಿ ರೆಪ್ಪೆ ಮುಚ್ಚುವುದು, ಎರಡೆರಡು ಕಾಣುವುದು. ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಇಷ್ಟರ ತನಕವೂ ಕಾಯಬಾರದು.

ನಾನು ಮೊದಲು ಇದನ್ನು ಡ್ರೈ ಸಾಕೆಟ್ ಅಂದುಕೊಂಡಿದ್ದೆ. ಅದು ಬೇರೆ. ರಕ್ತದ ಹೆಪ್ಪು ಹೋಗಿ ಮೂಳೆ ಬಯಲಾದಾಗ ಮೂರು ನಾಲ್ಕನೇ ದಿನದ ಹೊತ್ತಿಗೆ ವಿಪರೀತ ನೋವು ಬರುತ್ತದೆ, ಆದರೆ ಸಾಮಾನ್ಯವಾಗಿ ಜ್ವರ, ಕೀವು, ದೊಡ್ಡ ಊತ ಇರುವುದಿಲ್ಲ. ಗುಳಿ ತೊಳೆದು ಔಷಧಿ ಇಟ್ಟರೆ ತಗ್ಗುತ್ತದೆ. ರೂಟ್ ಕೆನಾಲ್ ಆದ ಮೇಲೂ ಮುಖ ಊದಬಹುದು. ಆಗ ಹಲ್ಲನ್ನು ಮತ್ತೆ ತೆರೆದು ಒಳಗಿನದನ್ನು ಹೊರಬಿಡಬೇಕಾಗಬಹುದು.

ರಬ್ಬರ್ ಪಟ್ಟಿ ಎರಡು ದಿನಕ್ಕೆ ತೆಗೆದರು. ಜ್ವರ ಅದಕ್ಕೂ ಮೊದಲೇ ಹೋಗಿತ್ತು. ಮಾತ್ರೆಗಳನ್ನು ಹೇಳಿದಷ್ಟು ದಿನವೂ ಮುಗಿಸಿದೆ. ದವಡೆಯ ಬಿಗಿತ ಮಾತ್ರ ತುಂಬ ದಿನ ಉಳಿಯಿತು. ಕೆನ್ನೆಯೊಳಗೆ ಗೋಲಿಯಷ್ಟು ಗಟ್ಟಿ ಗಂಟು ಕೈಗೆ ಸಿಗುತ್ತಿತ್ತು, ಅದು ಕರಗಲು ಎರಡು ವಾರ ಹಿಡಿಯಿತು. ದಿನಕ್ಕೆ ನಾಲ್ಕೈದು ಸಲ, ನೋವು ಶುರುವಾಗುವ ತನಕ ಬಾಯಿ ತೆರೆದು ಹಿಡಿದು ಬಿಡುವ ಅಭ್ಯಾಸ ಮಾಡಿದೆ. ಹದಿನೆಂಟನೇ ದಿನ ಮೂರನೇ ಬೆರಳು ಒಳಗೆ ಹೋಯಿತು. ಅದನ್ನೂ ಅದೇ ಕಾಗದದಲ್ಲಿ ಬರೆದೆ.