14 ಸಾವಿರದಲ್ಲಿ 40 ಆರ್ಕೆಸ್ಟ್ರಾ ಸ್ಕೋರ್: ನನ್ನ ಅನುಭವ

"ಟ್ಯಾಬ್‌ನಲ್ಲಿ ಪಿಡಿಎಫ್ ಫ್ರೀಯಾಗಿ ಸಿಗುತ್ತೆ, ಕಾಗದಕ್ಕೆ ಯಾಕಪ್ಪಾ ದುಡ್ಡು ಸುರೀತೀಯ?" ನಾಲ್ಕು ವರ್ಷದ ಹಿಂದೆ ನಮ್ಮ ವಯೊಲಿನ್ ಮೇಷ್ಟ್ರು ಹೀಗೆ ಕೇಳಿದ್ದರು. ಮಾತು ಸ್ಕೋರಿನದು, ಅಂದರೆ ಆರ್ಕೆಸ್ಟ್ರಾದ ಎಲ್ಲ ವಾದ್ಯಗಳ ಸ್ವರಗಳನ್ನು ಒಂದರ ಕೆಳಗೊಂದು ಸಾಲಾಗಿ ಬರೆದ ಪುಸ್ತಕದ್ದು. ಹೋದ ತಿಂಗಳು ಅವರೇ ಮನೆಗೆ ಬಂದು ನನ್ನ ಬ್ರಾಮ್ಸ್ ಪುಸ್ತಕ ತಗೊಂಡು ಹೋದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಕಳಕೊಂಡ ದುಡ್ಡಿನ ವಿಷಯ. ಬ್ರಾಮ್ಸ್ 4ನೇ ಸಿಂಫನಿ ಅಂತ ಆನ್‌ಲೈನ್‌ನಲ್ಲಿ ತರಿಸಿದೆ. ಬಿಚ್ಚಿ ನೋಡಿದರೆ ಪಿಯಾನೋಗೆ ಇಳಿಸಿದ್ದು. 1100 ರೂಪಾಯಿ ಹೋಯ್ತು. ಆಮೇಲೆ, ಸ್ಕ್ಯಾನ್‌ನಿಂದ ಅಚ್ಚು ಹಾಕಿ ಮಾರುವವರೊಬ್ಬರಿಂದ 1200ಕ್ಕೆ ಇನ್ನೊಂದು ಕೊಂಡೆ. ಅದರಲ್ಲಿ ಸಿಂಫನಿಯ ಒಂದು ಭಾಗವಾದ ಸ್ಲೋ ಮೂವ್‌ಮೆಂಟಿನ ನಾಲ್ಕು ಪುಟವೇ ಇಲ್ಲ. ಇದ್ದ ಪುಟದಲ್ಲೂ ಸ್ಲರ್ (ಸ್ವರ ಕೂಡಿಸುವ ಗೆರೆ), ಚುಕ್ಕಿ ಅಳಿಸಿಹೋಗಿದ್ದವು. ಮೂರನೆಯದು ಮಾಲರ್ 2ನೇ ಸಿಂಫನಿಯ ಪಾಕೆಟ್ ಸ್ಕೋರ್, ಸೆಕೆಂಡ್ ಹ್ಯಾಂಡ್, 600 ರೂಪಾಯಿ. ಪುಸ್ತಕ ಚೆನ್ನಾಗಿಯೇ ಇತ್ತು. ಆದರೆ ಅಂಗೈ ಅಗಲದ ಪುಟದಲ್ಲಿ ಮೂವತ್ತರ ಹತ್ತಿರ ಸಾಲು. ಅರ್ಧ ಗಂಟೆಗೆ ಕಣ್ಣು ಉರಿಯತೊಡಗಿತು.

ಆ ಮಾಲರ್‌ನಿಂದಲೇ ದಾರಿ ಸಿಕ್ಕಿತು. ಈಗ ಯಾವ ಪ್ರಕಾಶಕರು ಅಂತ ಮೊದಲು ನೋಡುವುದಿಲ್ಲ. ತುಂಬಿದ ಪುಟದಲ್ಲಿ ಎಷ್ಟು ಸಾಲು ಇದೆ ಅಂತ ಎಣಿಸುತ್ತೇನೆ. ಹನ್ನೆರಡರ ಒಳಗಿದ್ದರೆ ಹಳದಿ ಹೊದಿಕೆಯ ಆಯ್ಲೆನ್‌ಬರ್ಗ್ ಪುಟಾಣಿ ಸ್ಕೋರ್ ಸಾಕು. ಹೇಡನ್, ಮೊಜಾರ್ಟ್, ಬೀಥೋವನ್‌ನ ಮೊದಲ ಸಿಂಫನಿಗಳು ಎಲ್ಲ ಇದರಲ್ಲೇ ಮುಗಿಯುತ್ತವೆ. ಹಳೆಯ ಪ್ರತಿಗಳು ನನಗೆ 150ರಿಂದ 300ರೊಳಗೆ ಸಿಕ್ಕಿವೆ. ಸುಮಾರು 12 ಇವೆ. ಒಂದು ಎಚ್ಚರ ಬೇಕು. ಸುಮ್ಮನಿರುವ ವಾದ್ಯದ ಸಾಲನ್ನು ಇದರಲ್ಲಿ ತೆಗೆದುಬಿಟ್ಟಿರುತ್ತಾರೆ. ಪುಟ ತಿರುಗಿಸಿದಾಗ ಎಡಗಡೆಯ ಹೆಸರು ನೋಡದಿದ್ದರೆ ಓಬೋ ಅಂದುಕೊಂಡು ಕ್ಲಾರಿನೆಟ್ ಓದುತ್ತಾ ಕೂರುತ್ತೀರಿ.

ಹನ್ನೆರಡು ದಾಟಿದರೆ ಡೋವರ್ ಪ್ರಕಾಶನದ್ದು. ಹಳೆಯ ಅಚ್ಚನ್ನೇ ದೊಡ್ಡ ಪುಟದಲ್ಲಿ ಮರುಮುದ್ರಿಸುತ್ತಾರೆ. ಹಾನ್ಸ್ ಗಾಲ್ ಸಂಪಾದಿಸಿದ ಬ್ರಾಮ್ಸ್‌ನ ನಾಲ್ಕೂ ಸಿಂಫನಿ ಒಂದೇ ಪುಸ್ತಕದಲ್ಲಿ ಸುಮಾರು 1400ಕ್ಕೆ ಬಂತು, ಒಂದಕ್ಕೆ 350 ಬಿತ್ತು. ಚೈಕೋವ್‌ಸ್ಕಿಯ 4, 5, 6 ಸೇರಿ 1700 ಇರಬೇಕು. ಬೇರನ್‌ರೈಟರ್‌ನದು ಒಂದೇ ಒಂದು ಕೊಂಡಿದ್ದೇನೆ, ಜೊನಾಥನ್ ಡೆಲ್ ಮಾರ್ ಸಂಪಾದಿಸಿದ ಬೀಥೋವನ್ 9, ಎರಡು ಸಾವಿರದ ಹತ್ತಿರ. ಹಳೇ ಅಚ್ಚಿನ ಪಕ್ಕ ಇಟ್ಟುಕೊಂಡು ಒಂದು ವಾರ ಪೆನ್ಸಿಲ್‌ನಲ್ಲಿ ವ್ಯತ್ಯಾಸ ಗುರುತು ಮಾಡಿದೆ. ಆರ್ಕೆಸ್ಟ್ರಾ ನಡೆಸುವವರಿಗೆ ಅದು ಬೇಕೇ ಬೇಕು. ಯಾವ ಸ್ವರ ಯಾವ ವಾದ್ಯಕ್ಕೆ ಕೊಡಬೇಕು ಅಂತ ಕಲಿಯೋಕೆ ನನಗೆ ಹಳೇ ಅಚ್ಚು ಸಾಕು.

ಕಾಗದ ಯಾಕೆ ಅಂದರೆ, ಚೈಕೋವ್‌ಸ್ಕಿ 6ರ ಕೊನೆಯ ಮೂವ್‌ಮೆಂಟಿನ ಮೊದಲ ಪುಟ ತೆಗೆಯಿರಿ. ಕಿವಿಗೆ ಬೀಳುವುದು ಮೆಟ್ಟಿಲಿಳಿದಂತೆ ಇಳಿಯುವ ಒಂದು ರಾಗ. ಸ್ಕೋರಿನಲ್ಲಿ ಹುಡುಕಿದರೆ ಆ ರಾಗ ಯಾರ ಸಾಲಿನಲ್ಲೂ ಇಲ್ಲ! ಒಂದು ಸ್ವರ ಒಂದು ವಯೊಲಿನ್ ಗುಂಪಿಗೆ, ಮುಂದಿನದು ಇನ್ನೊಂದು ಗುಂಪಿಗೆ. ಎರಡೂ ಸಾಲಿನಲ್ಲಿ ಬರೀ ಅಂಕುಡೊಂಕು ಜಿಗಿತ. ಮುಂದೆ ಅದೇ ರಾಗ ತಿರುಗಿ ಬಂದಾಗ ಮೊದಲ ವಯೊಲಿನ್‌ಗೇ ಪೂರ್ತಿ ಕೊಡುತ್ತಾನೆ. ಆಗ ಎರಡು ಗುಂಪು ಎದುರು ಬದುರು ಕೂರುತ್ತಿದ್ದವು, ಸ್ವರ ಆ ಕಡೆಯಿಂದ ಈ ಕಡೆಗೆ ಹೋಗಿರಬೇಕು ಅಲ್ವಾ? ಎರಡೂ ಪುಟಕ್ಕೆ ಬೆರಳಿಟ್ಟು ಹಿಂದೆ ಮುಂದೆ ತಿರುವಿ ನೋಡಿದಾಗ ಇದು ಕಂಡಿತು. ಟ್ಯಾಬ್‌ನಲ್ಲಿ ಇದೇ ಸಿಂಫನಿಯನ್ನು ಎರಡು ವರ್ಷ ನೋಡಿದ್ದೆ, ಕಂಡಿರಲಿಲ್ಲ.

ಉಳಿದ ಹದಿನೈದು ಇಪ್ಪತ್ತು ಕೃತಿ ಫ್ರೀ ಸ್ಕೋರ್ ಸಿಗುವ ಜಾಲತಾಣ ಐಎಂಎಸ್‌ಎಲ್‌ಪಿಯಿಂದ ಇಳಿಸಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದು. ನಮ್ಮಲ್ಲಿ ಕಾಪಿರೈಟ್ ಹಕ್ಕು ಮುಗಿಯೋಕೆ ಬರೆದವರು ತೀರಿ 60 ವರ್ಷ ಆಗಬೇಕು. 1957ರಲ್ಲಿ ತೀರಿದ ಸಿಬೇಲಿಯಸ್ ಆಗಬಹುದು, 1975ರ ಶೊಸ್ತಕೋವಿಚ್ ಆಗಲ್ಲ. 70 ಜಿಎಸ್‌ಎಂ ತೆಳು ಕಾಗದ ಬೇಡ, ಹಿಂದಿನ ಪುಟದ ನೋಟ್ಸ್ ಮುಂದಕ್ಕೆ ಕಾಣುತ್ತದೆ. 100 ಜಿಎಸ್‌ಎಂ, ಎರಡೂ ಬದಿ, ಸ್ಪೈರಲ್ ಸೇರಿ ಒಂದು ಸಿಂಫನಿಗೆ 300ರ ಹತ್ತಿರ ಬೀಳುತ್ತದೆ. ಎ4ನಲ್ಲೇ ನೋಟ್ಸ್ ದೊಡ್ಡದಾಗಿ ಬರುವ ಹಾಗೆ ಫೈಲ್ ಸರಿಮಾಡುವ ಒಂದು ಉಪಾಯ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ವಾದ್ಯಕ್ಕೊಂದು ಬಣ್ಣ ಹಚ್ಚಿ ನೋಡಿದೆ. ಎರಡು ಸ್ಕೋರ್ ಹಾಳಾದವು. ಅದಕ್ಕಿಂತ ದಿನಕ್ಕೆ ನಾಲ್ಕು ಬಾರ್ (ತಾಳದ ಸಣ್ಣ ಭಾಗ) ಕೈಯಲ್ಲಿ ನಕಲು ಮಾಡಿದ್ದು ಜಾಸ್ತಿ ಕಲಿಸಿತು. ವಿಯೋಲಾದ ಕ್ಲೆಫ್, ಅಂದರೆ ಸಾಲಿನ ಸ್ವರ ಯಾವುದು ಅಂತ ಹೇಳುವ ಗುರುತು, ಓದೋಕೆ ಬಂದಿದ್ದೇ ಹಾಗೆ.

ಲೆಕ್ಕ ನೋಡದೆ ಕೊಂಡಿದ್ದು ಒಂದೇ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದಿದ್ದು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು ಖರ್ಚಿನ ಹೊಣೆ ಹೊತ್ತಿದ್ದರಿಂದ. ಆ ಪಾಕೆಟ್ ಸ್ಕೋರಿಗೆ 1300 ಕೊಟ್ಟೆ. ಸಂಜೆಯ ಹಾಡಿನಲ್ಲಿ ಎರಡು ಹಕ್ಕಿಗಳು ಬರುತ್ತವೆ. ಕೊನೆಯ ಪುಟದ ಮೇಲ್ಗಡೆ, ಪಿಕೊಲೊ ಎಂಬ ಪುಟ್ಟ ಕೊಳಲಿನ ಸಾಲಿನಲ್ಲಿ, ಅವು ಟ್ರಿಲ್ ಆಗಿ, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ವೇಗದ ಅಲುಗಾಟವಾಗಿ, ಕೂತಿವೆ. ಎಷ್ಟೇ ಸಣ್ಣ ಅಚ್ಚಾದರೂ ಆ ಜಾಗ ನನಗೆ ಮೊದಲು ಕಾಣುತ್ತದೆ.