ಟ್ರಾವೆಲ್ ನರ್ಸ್ ಆಗುವ ಮೊದಲು ಕರಾರು ಓದಲು ಕಲಿಯಿರಿ

ಈ ಸಲ ರಜೆಯಲ್ಲಿ ಪೆರ್ಲಕ್ಕೆ ಬಂದಾಗ ಅಂಗಳ ತುಂಬ ಅಡಿಕೆ ಹರಡಿತ್ತು. ದೇರಳಕಟ್ಟೆಯಲ್ಲಿ ಬಿಎಸ್‌ಸಿ ನರ್ಸಿಂಗ್ ಮುಗಿಸಿದ ನೆರೆಮನೆಯ ಹುಡುಗಿ ಜಗಲಿಯಲ್ಲಿ ಕೂತು ಕೇಳಿದಳು, “ಅಕ್ಕ, ಅಮೆರಿಕದಲ್ಲಿ ಟ್ರಾವೆಲ್ ನರ್ಸಿಗೆ ವಾರಕ್ಕೆ ಎರಡು ಸಾವಿರ ಡಾಲರ್ ಸಿಗ್ತದಂತೆ, ಹೌದಾ?” ಹೌದು, ಅಂಥ ಕೆಲಸ ಉಂಟು. ಕೆಲವು ವಾರಗಳ ಕರಾರಿನ ಮೇಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುತ್ತಾ ದುಡಿಯುವುದು, ನಾನು ಮಾಡುತ್ತಿರುವುದೂ ಅದನ್ನೇ. ಆದರೆ ಆ ಎರಡು ಸಾವಿರದ ಒಳಗೆ ಎಂತೆಲ್ಲ ಸೇರಿದೆ ಅಂತ ಬಿಡಿಸಿ ನೋಡಬೇಕು.

ಊರಿನಿಂದ ನೇರ ಹೋಗಿ ಈ ಕೆಲಸ ಹಿಡಿಯುವ ಯೋಚನೆ ಬೇಡ. ನಮ್ಮ ಪರವಾಗಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಆಸ್ಪತ್ರೆ ಅಥವಾ ಏಜೆನ್ಸಿಯ ಜೊತೆ ಸಾಮಾನ್ಯವಾಗಿ ಎರಡು ಮೂರು ವರ್ಷದ ಒಪ್ಪಂದ ಇರುತ್ತದೆ. ನಾನೂ ಮೊದಲ ಮೂರು ವರ್ಷ ಒಂದೇ ಐಸಿಯುನಲ್ಲಿ ದುಡಿದೆ. ಈಗ ಮಾಡಬೇಕಾದ್ದು ಇಷ್ಟು: ಮಂಗಳೂರಿನಲ್ಲೇ ಆಗಲಿ, ಎರಡು ವರ್ಷ ಗಟ್ಟಿ ಅನುಭವ, ಬೆಂಗಳೂರಿನಲ್ಲಿ ಎನ್‌ಕ್ಲೆಕ್ಸ್, ಅಂದರೆ ಅಮೆರಿಕದ ನರ್ಸ್ ಲೈಸೆನ್ಸಿಗೆ ಬೇಕಾದ ಪರೀಕ್ಷೆ. ಅದಕ್ಕೂ ಮೊದಲು ಹೆಸರು ಸರಿ ಮಾಡಿಸಿಕೊಳ್ಳಿ. ನಾವು ಗಡಿಯವರು. ಎಸ್‌ಎಸ್‌ಎಲ್‌ಸಿ ಕೇರಳದ್ದು, ನರ್ಸಿಂಗ್ ಕರ್ನಾಟಕದ್ದು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಮನೆ ಹೆಸರು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು. ಪರೀಕ್ಷೆಯ ದಿನ ಪಾಸ್‌ಪೋರ್ಟಿಗೂ ನೋಂದಣಿಗೂ ಹೆಸರು ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ.

ಕರಾರು ಹೆಚ್ಚಾಗಿ 13 ವಾರದ್ದು, ವಾರಕ್ಕೆ ಹನ್ನೆರಡು ಗಂಟೆಯ ಮೂರು ಪಾಳಿ. ಸಂಬಳ ಎರಡು ಭಾಗ: ತೆರಿಗೆ ಬೀಳುವ ಗಂಟೆಯ ದರ, ಮತ್ತು ವಸತಿ, ಊಟದ ಭತ್ಯೆ. ಭತ್ಯೆಗೆ ತೆರಿಗೆ ಇಲ್ಲ ಅನ್ನುವುದು ಎಲ್ಲರಿಗೂ ಅಲ್ಲ. ಅಮೆರಿಕದಲ್ಲಿಯೇ ನಿಮಗೊಂದು ಕಾಯಂ ಮನೆ ಇದ್ದು, ಅದರ ಬಾಡಿಗೆಯನ್ನೂ ಕಟ್ಟುತ್ತಾ, ಕೆಲಸದ ಊರಿನಲ್ಲೂ ಖರ್ಚು ಮಾಡುತ್ತಿರಬೇಕು. ಪೆರ್ಲದ ಅಪ್ಪನ ಮನೆ ತೋರಿಸಿದರೆ ಆಗುತ್ತದೆ ಅಂದುಕೊಂಡಿದ್ದೆ. ಲೆಕ್ಕ ನೋಡುವವರು ಆಗದು ಅಂದರು. ಗಂಟೆಯ ದರ ತೀರಾ ಕಡಿಮೆ ಬರೆದ ಕರಾರಿಗೆ ಸಹಿ ಹಾಕಬೇಡಿ. ದರ 24 ಡಾಲರ್ ಇದ್ದು ಓವರ್‌ಟೈಮನ್ನು ಅದರ ಮೇಲೆಯೇ ಒಂದೂವರೆ ಪಟ್ಟು ಎಣಿಸಿದರೆ ಗಂಟೆಗೆ ಸಿಗುವುದು 36. ಪಕ್ಕದಲ್ಲೇ 45ಕ್ಕೆ ದುಡಿಯುವ ಕಾಯಂ ನರ್ಸಿಗೆ 67.50.

ನನಗೆ ದೊಡ್ಡ ಪೆಟ್ಟು ಬಿದ್ದದ್ದು ಎರಡನೇ ಕರಾರಿನಲ್ಲಿ. ಐದನೇ ವಾರ, ರೋಗಿಗಳು ಕಡಿಮೆಯಾದರು ಅಂತ ಆಸ್ಪತ್ರೆಯವರು ಕರಾರನ್ನೇ ರದ್ದು ಮಾಡಿದರು. ಮನೆಯನ್ನು ಮೂರು ತಿಂಗಳಿಗೆ ಬರೆಸಿಕೊಂಡಿದ್ದೆ. ಸಂಬಳ ನಿಂತಿತು, ಆರೋಗ್ಯ ವಿಮೆಯೂ ನಿಂತಿತು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಏನೂ ಹೇಳದೆ ಇಟ್ಟುಬಿಟ್ಟೆ. ಅಂದಿನಿಂದ ತಿಂಗಳು ತಿಂಗಳ ಲೆಕ್ಕದ ಬಾಡಿಗೆ ಮನೆಯೇ. ವಾರಕ್ಕೆ ಎಷ್ಟು ಗಂಟೆಯ ಕೆಲಸ ಖಾತ್ರಿ, ರದ್ದು ಮಾಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಪಾಳಿ ತಪ್ಪಿದರೆ ಭತ್ಯೆ ಎಷ್ಟು ಕಡಿಯುತ್ತಾರೆ, ಈ ಮೂರೂ ಬರಹದಲ್ಲಿ ಇಲ್ಲದಿದ್ದರೆ ಸಹಿ ಇಲ್ಲ.

ವಾರ್ಡಿನಲ್ಲಿ ಕೆಲಸ ಪರಿಚಯಿಸಲು ಒಂದೆರಡು ಪಾಳಿ ಕೊಟ್ಟಾರು, ಅಷ್ಟೇ. ಬೇರೆ ವಾರ್ಡಿಗೆ ನರ್ಸ್ ಬೇಕಾದರೆ ಹೆಚ್ಚಾಗಿ ಮೊದಲು ಕಳಿಸುವುದು ನಮ್ಮನ್ನೇ. ಒಬ್ಬರಿಗೆ ಎಷ್ಟು ರೋಗಿಗಳು ಅಂತ ಸಂದರ್ಶನದಲ್ಲೇ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಐಸಿಯು ನರ್ಸಿಗೆ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ, ಅದು ಕಾನೂನು. ಆದರೆ ಟೆಕ್ಸಾಸಿನಂಥ ರಾಜ್ಯಗಳ ನಡುವೆ ನಡೆಯುವ ಜಂಟಿ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ, ಬೇರೆ ಮಾಡಿಸಬೇಕು.

ಇಷ್ಟೆಲ್ಲ ಇದ್ದೂ ನಾನು ಬಿಟ್ಟಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಅಂತ ಬೆಳೆದವಳಿಗೆ ಹೊಸ ವಾರ್ಡಿನ ರೀತಿ ಹಿಡಿಯಲು ಹೆಚ್ಚು ದಿನ ಬೇಡ. ಮತ್ತೆ, ಎರಡು ಕರಾರುಗಳ ನಡುವಿನ ದಿನಗಳು ನನ್ನವು. ಕಳೆದ ವರ್ಷ ಅಮ್ಮನ ಮಂಡಿ ಆಪರೇಷನ್ ಆದಾಗ ಏಳು ವಾರ ಇಲ್ಲೇ ಇದ್ದೆ, ಯಾರ ಹತ್ತಿರವೂ ರಜೆ ಕೇಳಬೇಕಾಗಲಿಲ್ಲ. ಆ ಏಳು ವಾರದ ಖರ್ಚನ್ನು ಮೊದಲೇ ಬೇರೆ ತೆಗೆದಿಟ್ಟಿದ್ದೆ. ನೀವೂ ಮೊದಲ ಕರಾರಿನ ಮೊದಲ ವಾರದಿಂದಲೇ ತೆಗೆದಿಡಿ.