ಅಡಿಕೆ ಹಾಳೆಯ ದೋಣಿಯಲ್ಲಿ ‘ಕ್ರೂನನ್’ ಮುಳುಗಿದ ಪಾಠ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಶಾಲೆಯಲ್ಲಿ ನಾನು ಚರಿತ್ರೆ ಟೀಚರ್. ಸ್ವೀಡನ್, ಡೆನ್ಮಾರ್ಕ್ ಅಂದರೆ ನಮ್ಮ ಮಕ್ಕಳಿಗೆ ತುಂಬಾ ದೂರ. ಆದರೆ ಅಡಿಕೆ ಹಾಳೆ ಕೈಗೆ ಕೊಟ್ಟರೆ ಆ ದೂರ ಕಡಿಮೆಯಾಗುತ್ತದೆ. ಈ ಪಾಠವನ್ನು ನೀವೂ ಮನೆಯಲ್ಲೇ ಮಾಡಬಹುದು.

ಮೊದಲು ಕಥೆ. 1676ರ ಜೂನ್ 1. ಬಾಲ್ಟಿಕ್ ಸಮುದ್ರದ ಓಲಾಂಡ್ ದ್ವೀಪದ ಹತ್ತಿರ ಸ್ವೀಡನ್ನಿನ ನೌಕಾಪಡೆಗೆ ಡೆನ್ಮಾರ್ಕ್ ಮತ್ತು ಡಚ್ಚರ ಪಡೆ ಎದುರಾಯಿತು. ಸ್ವೀಡನ್ನಿನ ಮುಖ್ಯ ಹಡಗು ‘ಕ್ರೂನನ್’, ಅಂದರೆ ಕಿರೀಟ. ಮೂರು ಅಂತಸ್ತು, 100ಕ್ಕಿಂತ ಜಾಸ್ತಿ ಫಿರಂಗಿ. ಪಡೆಯ ನಾಯಕ ಲೊರೆಂಟ್ಸ್ ಕ್ರೊಯ್ಟ್ಸ್‌ಗೆ ಸಮುದ್ರದ ಅನುಭವವೇ ಇರಲಿಲ್ಲ. ಹಾಯಿ ಜಾಸ್ತಿ ಬಿಚ್ಚಿದ ಹಡಗು ಜೋರು ಗಾಳಿಯಲ್ಲಿ ಗಕ್ಕನೆ ತಿರುಗಿತು, ವಾಲಿತು. ತೆರೆದಿದ್ದ ಕೆಳಗಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಆಮೇಲೆ ಮದ್ದುಗುಂಡಿನ ಕೋಣೆಯೂ ಸಿಡಿಯಿತು. ಸುಮಾರು 800 ಜನ ಸತ್ತರು. ಉಳಿದವರು 40ರಷ್ಟು ಮಾತ್ರ.

ಈಗ ದೋಣಿ. ಅಗಲವಾದ ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಹಾಕಿ. ಒಣಗಿದ್ದನ್ನು ಹಾಗೇ ಮಡಚಿದರೆ ಸೀಳುತ್ತದೆ. ಎರಡೂ ತುದಿ ಮಡಚಿ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿ ಚುಚ್ಚಿ. ಬೆಣಚುಕಲ್ಲುಗಳನ್ನು ಬಟ್ಟೆಯಲ್ಲಿ ಕಟ್ಟಿ ತಳಕ್ಕೆ ಬಿಗಿಯಿರಿ. ಸುಮ್ನೆ ಹಾಕಿದರೆ ದೋಣಿ ವಾಲುವಾಗ ಕಲ್ಲು ಹೊರಗೆ ಬೀಳುತ್ತದೆ, ಹಾಳೆ ತೇಲಿಬಿಡುತ್ತದೆ. ನಡುವೆ ಬಿದಿರಿನ ಸೀಳು, ಅದಕ್ಕೆ ಹಳೆ ಮುಂಡಿನ ತುಂಡಿನ ಹಾಯಿ. ಮುಂದಿನ ತುದಿಗೊಂದು ನೂಲು.

ಮುಖ್ಯ ಕೆಲಸ ಕಿಂಡಿಗಳದ್ದು. ದೋಣಿಯನ್ನು ತೇಲಿಸಿ, ನೀರು ಎಲ್ಲಿವರೆಗೆ ಬರುತ್ತದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಗೆರೆಯಿಂದ ಒಂದು ಬೆರಳು ಮೇಲೆ, ಎರಡೂ ಬದಿಗೆ ಐದೈದು ತೂತು ಕೊರೆಯಿರಿ. ಮೊದಲ ಸಲ ನಾನು ಮೂರು ಬೆರಳು ಮೇಲೆ ಕೊರೆದಿದ್ದೆ. ಎಷ್ಟು ಬೀಸಿದರೂ ದೋಣಿ ಮುಳುಗಲಿಲ್ಲ.

ಗುಡ್ಡ ಕೊರೆದ ಸುರಂಗದ ನೀರು ಬಂದು ನಿಲ್ಲುವ ನಮ್ಮ ಟಾಂಕಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊಣಕಾಲು ನೀರು ಸಾಕು. ಮೊದಲು ತೂತುಗಳಿಗೆ ಟೇಪು ಅಂಟಿಸಿ. ಒಬ್ಬರು ಹಾಳೆಯ ಬೀಸಣಿಗೆಯಿಂದ ಬದಿಯಿಂದ ಗಾಳಿ ಹಾಕಲಿ, ಇನ್ನೊಬ್ಬರು ಗಾಳಿ ಬರುವ ಕಡೆಗೆ ನೂಲನ್ನು ಫಕ್ಕನೆ ಎಳೆಯಲಿ. ದೋಣಿ ವಾಲುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ. ಈಗ ಟೇಪು ಕಿತ್ತು ಅದನ್ನೇ ಮಾಡಿ.

ಇಲ್ಲಿ ಮಕ್ಕಳನ್ನು ಹತ್ತಿರ ಕೂರಿಸಿ. ಮೊದಲು ಒಂದೇ ತೂತಿನಿಂದ ಒಂದು ಗುಟುಕು ನೀರು ಒಳಗೆ ಜಾರುತ್ತದೆ. ಆ ನೀರು ವಾಲಿದ ಬದಿಗೇ ಹೋಗಿ ನಿಲ್ಲುತ್ತದೆ. ಅದರ ಭಾರಕ್ಕೆ ಪಕ್ಕದ ತೂತೂ ನೀರಿಗೆ ಇಳಿಯುತ್ತದೆ. ಆಮೇಲೆ ಐದೂ ಒಟ್ಟಿಗೆ. ಎಣಿಸುವಷ್ಟೂ ಹೊತ್ತಿಲ್ಲ. ಹಾಯಿ ನೀರಿಗೆ ತಾಗಿದ ಮೇಲೆ ದೋಣಿ ಏಳುವುದಿಲ್ಲ.

ಕಳೆದ ವರ್ಷ ಆರನೇ ಕ್ಲಾಸಿನ ಹುಡುಗಿಯೊಬ್ಬಳು, “ಟೀಚರೇ, ತಿರುಗುವ ಮೊದಲು ಕಿಂಡಿ ಮುಚ್ಚಬಹುದಿತ್ತಲ್ವಾ?” ಅಂದಳು. ಹೌದು, ಮುಚ್ಚಬಹುದಿತ್ತು. ಹಾಯಿಯನ್ನೂ ಕಡಿಮೆ ಮಾಡಬಹುದಿತ್ತು. ಈ ಪ್ರಶ್ನೆ ಬಾರದಿದ್ದರೆ ಇನ್ನೊಮ್ಮೆ ಮಾಡಿ ತೋರಿಸಿ. ಉತ್ತರ ನೀವೇ ಮೊದಲು ಹೇಳಬೇಡಿ.

ಮುಳುಗಿದ ದೋಣಿಯನ್ನು ತಕ್ಷಣ ಎತ್ತಬೇಡಿ. ಕ್ರೂನನ್ ಕೂಡ 300 ವರ್ಷ ತಳದಲ್ಲೇ ಬಿದ್ದಿತ್ತು. 1980ರಲ್ಲಿ 26 ಮೀಟರ್ ಆಳದಲ್ಲಿ ಸಿಕ್ಕಿತು. ನಮ್ಮ ಅರಬ್ಬೀ ಸಮುದ್ರದಲ್ಲಾದರೆ ಮರ ಕೊರೆಯುವ ಹುಳು ತಿಂದು ಮುಗಿಸುತ್ತಿತ್ತು. ಬಾಲ್ಟಿಕ್‌ನಲ್ಲಿ ಉಪ್ಪು ಕಡಿಮೆ, ಆ ಹುಳು ಬಾಳುವುದಿಲ್ಲ. ಅಲ್ಲಿ ಸಿಕ್ಕಿದ ಫಿರಂಗಿ, ಚಿನ್ನದ ನಾಣ್ಯಗಳನ್ನು ಸ್ವೀಡನ್ನಿನ ಕಾಲ್ಮರ್ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಟಾಂಕಿಯ ನೀರು ತಿಳಿಯಾಗುವವರೆಗೆ ಇದನ್ನು ಹೇಳಿ. ಆಮೇಲೆ ಎಲ್ಲರೂ ಬಗ್ಗಿ ನೋಡಲಿ. ತಳದಲ್ಲಿ ಹಾಳೆ ಒಂದು ಬದಿಗೆ ಮಲಗಿರುತ್ತದೆ, ಐದು ಕಿಂಡಿ ಮೇಲ್ಮುಖವಾಗಿ.